ಚಕ್ರವರ್ತಿ ತೊಳೆಯದ ಪಾದ

"ಡಾಕ್ಟ್ರೇ, ಈ ಕಾಲನ್ನ ಸ್ವಲ್ಪ ನೋಡಿ," ಎಂದ ಇನ್‌ಸ್ಪೆಕ್ಟರ್ ಹವ್ರಾನೆಕ್.

"ಕಾಲಲ್ಲೇನ್ರೀ ನೋಡೋದು? ಸತ್ತೋನು ಹೊಟ್ಟೆಗೆ ಬಿದ್ದ ವಿಷದಿಂದ ಸತ್ತ."

"ಹೊಟ್ಟೆ ನಿಮ್ದು, ಕಾಲು ನಂದು. ನೋಡಿ ಅಂದ್ರೆ ನೋಡಿ."

ಶವಾಗಾರದ ಕಲ್ಲುಮೇಜಿನ ಮೇಲೆ ತೊಂಬತ್ತೊಂದು ವರ್ಷದ ಇಗ್ನಾಸ್ ಸ್ಟಿಂಡ್ಲ್ ಮಲಗಿದ್ದ. ಮೊನ್ನೆ ಪವಿತ್ರ ಗುರುವಾರದ ಮಧ್ಯಾಹ್ನ ಅರಮನೆಯಲ್ಲಿ ಚಕ್ರವರ್ತಿಗಳ ಕೈಯಿಂದ ಪಾದ ತೊಳೆಸಿಕೊಂಡ ಹನ್ನೆರಡು ಬಡ ಮುದುಕರಲ್ಲಿ ಇವನೂ ಒಬ್ಬ. ಅದೇ ಸಂಜೆ ಅರಮನೆಯಿಂದ ಬುಟ್ಟಿಯಲ್ಲಿ ಕೊಟ್ಟು ಕಳಿಸಿದ ಊಟ ಉಂಡು ಸತ್ತ. ಉಣಬಡಿಸಿದ ಸೊಸೆ ತೆರೇಸಾ ಈಗ ಲಾಕಪ್ಪಿನಲ್ಲಿದ್ದಳು.

ಅವಳ ಕೈಗೆ ಕೋಳ ಹಾಕಿದವನು ಹವ್ರಾನೆಕನೇ. ವಠಾರದ ನಲ್ಲಿಯ ಹತ್ತಿರ, ನೀರು ಹಿಡಿಯಲು ಬಂದ ಅಷ್ಟೂ ಹೆಂಗಸರ ಎದುರಿಗೆ. ಆಗ ಅವಳು ಅಳಲಿಲ್ಲ, ಕೂಗಾಡಲಿಲ್ಲ. "ಒಲೆ ಮೇಲೆ ನೀರಿಟ್ಟಿದೀನಿ, ಯಾರಾದ್ರೂ ಇಳಿಸ್ರಮ್ಮ" ಎಂದಷ್ಟೇ ಹೇಳಿ ಅವನ ಮುಂದೆ ನಡೆದಿದ್ದಳು. ಆ ಮಾತು ಎರಡು ದಿನದಿಂದ ಅವನನ್ನು ಕೊರೆಯುತ್ತಿತ್ತು. ವಿಷ ಹಾಕಿದವಳಿಗೆ ಒಲೆಯ ನೀರಿನ ಚಿಂತೆ ಯಾಕೆ?

ಡಾಕ್ಟರ್ ಟೆನ್ನೆನ್‌ಬಾಮ್ ಕನ್ನಡಕ ಏರಿಸಿಕೊಂಡು ಬಗ್ಗಿದರು. ಮುದುಕನ ಬಲಗಾಲಿನ ಕಿರುಬೆರಳಿನ ಮೇಲೆ ಆಣಿ. ಆಣಿಯ ಮೇಲೆ ಅಂಟಿಸಿದ ಪಟ್ಟಿ. ಪಟ್ಟಿಯ ಸುತ್ತ ವಾರಗಟ್ಟಲೆ ಕೂತ ಕಪ್ಪು ಜಿಡ್ಡು. ಹಿಮ್ಮಡಿಯ ಬಿರುಕುಗಳಲ್ಲಿ ಮಣ್ಣು, ಹೆಬ್ಬೆರಳಿನ ಉಗುರು ಹಕ್ಕಿಯ ಕೊಕ್ಕಿನಂತೆ ಬಾಗಿತ್ತು.

"ಕೊಳೆ ಕಾಲು. ಅದಕ್ಕೇನೀಗ?"

"ಗುರುವಾರ ಬೆಳಿಗ್ಗೆ ಎಂಟಕ್ಕೇ ಆ ಹನ್ನೆರಡು ಜನನ್ನೂ ಅರಮನೆ ಆಳುಗಳು ಒಂದು ಕೋಣೇಲಿ ಕೂರಿಸಿ ಕಾಲು ಉಜ್ಜಿದಾರೆ. ಬಿಸಿನೀರು, ಸೋಪು, ಬ್ರಷ್ಷು, ಉಗುರು ಕತ್ತರಿ. ಪ್ರತಿ ವರ್ಷದ ಪದ್ಧತಿ. ದೊರೆ ಕೈಗೆ ಕೊಳೆ ಪಾದ ಸಿಗಬಾರದು ನೋಡಿ. ಅವರು ಮುಟ್ಟೋ ಹೊತ್ತಿಗೆ ಆ ಪಾದಗಳು ಊಟದ ತಟ್ಟೆಗಿಂತ ಚೊಕ್ಕಟ. ಅದರ ಮೇಲೆ ಚಿನ್ನದ ಹೂಜಿಯಿಂದ ನಾಲ್ಕು ಹನಿ, ರೇಷ್ಮೆ ವಸ್ತ್ರದಲ್ಲಿ ಒರೆಸೋದು."

ಡಾಕ್ಟರು ಬಗ್ಗಿದವರು ಬಗ್ಗಿಯೇ ಇದ್ದರು. ಅವರ ಕಿವಿಯ ಹಿಂದೆ ಬೆವರು ಮೂಡಿತು.

"ಇನ್ನೊಂದು ಪ್ರಶ್ನೆ," ಎಂದ ಹವ್ರಾನೆಕ್. "ಸಂಜೆ ಐದಕ್ಕೆ ಸತ್ತ ಅಂತ ಸೊಸೆ ಹೇಳಿದ್ಲು. ಏಳಕ್ಕೆ ನೀವು ನೋಡಿದಾಗ ಹೆಣ ಹೇಗಿತ್ತು?"

"ಮರದ ಕೊರಡಿನ ಹಾಗೆ. ನೆತ್ತಿಯಿಂದ ಉಂಗುಷ್ಟದವರೆಗೂ ಸೆಟೆದಿತ್ತು. ಎರಡೇ ಗಂಟೇಲಿ ಹಾಗಾಗಬೇಕಾದ್ರೆ ಸ್ಟ್ರಿಕ್ನಿನ್ ವಿಷವೇ ಆಗಬೇಕು. ಅದಕ್ಕೇ ಹಾಗೆ ಬರೆದೆ. ಅವಳ ಒಲೆ ಕೆಳಗೆ ಇಲಿ ಪಾಷಾಣದ ಪೊಟ್ಟಣಾನೂ ಸಿಕ್ತಲ್ಲ!"

"ಐದಕ್ಕೆ ಸಾಯದೆ, ಹಿಂದಿನ ದಿನ ರಾತ್ರೀನೇ ಸತ್ತಿದ್ರೆ?"

"ಆಗ... ಆಗ ಸೆಟೆದಿರೋದು ಸಹಜವೇ." ಡಾಕ್ಟರು ನೆಟ್ಟಗೆ ನಿಂತರು. "ಮೈ ತಣ್ಣಗಿತ್ತು ಕಣ್ರೀ. ಕಿಟಕಿ ತೆರೆದಿತ್ತು, ಅದಕ್ಕೇ ತಣ್ಣಗಿದೆ ಅಂದ್ಕೊಂಡೆ. ಮಧ್ಯಾಹ್ನ ಚಕ್ರವರ್ತಿಗಳೇ ಪಾದ ತೊಳೆದಿದಾರೆ, ಸಂಜೆ ಪೇಪರಿನಲ್ಲಿ ಹನ್ನೆರಡು ಹೆಸರೂ ಅಚ್ಚಾಗಿದೆ. ಮಧ್ಯಾಹ್ನ ಬದುಕಿರಲಿಲ್ಲ ಅಂತ ಯಾವ ತಲೆಯಿಂದ ಅನುಮಾನ ಪಡ್ಲಿ?"

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿ ಬರೀ ಹಳ್ಳಿಗಳಲ್ಲಿರುವುದಿಲ್ಲ. ವಿಯೆನ್ನಾದ ಪೊಲೀಸ್ ಇಲಾಖೆಯಲ್ಲಿ ಅಂಥವರಿಗೆ ಬಡ್ತಿಯೂ ಸಿಗುತ್ತದೆ. ಆದರೆ ನಗುವ ಹಕ್ಕು ಹವ್ರಾನೆಕನಿಗೂ ಇರಲಿಲ್ಲ. ಅವನೂ ನಂಬಿದ್ದ.

"ಹಾಗಾದ್ರೆ ಇದನ್ನ ಬರೆದುಕೊಡಿ ಡಾಕ್ಟ್ರೇ. ಈ ಕಾಲು ಗುರುವಾರ ಯಾರೂ ತೊಳೆದ ಕಾಲಲ್ಲ ಅಂತ."

"ಬರೆದರೆ ಅದರರ್ಥ ಏನು ಗೊತ್ತಾ? ಚಕ್ರವರ್ತಿಗಳು ಯಾವನೋ ತಲೆಹಿಡುಕನ ಕಾಲು ತೊಳೆದರು ಅಂತ. ಹೋಗ್ರೀ, ನನಗೆ ಪಿಂಚಣಿಗೆ ಹದಿನಾಲ್ಕು ತಿಂಗಳಿದೆ." ಡಾಕ್ಟರು ಬಟ್ಟೆ ಎಳೆದು ಆ ಪಾದವನ್ನು ಮುಚ್ಚಿದರು. "ಮತ್ತೆ, ಮೂರು ಗಂಟೆಗೆ ಮಣ್ಣು ಮಾಡೋಕೆ ಮೇಲಿನಿಂದ ಅಪ್ಪಣೆಯಾಗಿದೆ. ಅರಮನೆಯ ಖರ್ಚಲ್ಲಿ."

"ಹೊಟ್ಟೆ ಪರೀಕ್ಷೆ?"

"ಜಾಡಿಗಳು ಹೋಗಿವೆ. ಸ್ಟ್ರಿಕ್ನಿನ್ ಸಿಕ್ಕೇ ಸಿಗುತ್ತೆ ಬಿಡಿ. ಮುದುಕ ಎದೆಗೆ ತಗೋತಿದ್ದ ಹನಿಮದ್ದಿನಲ್ಲೂ ಅದೇ ಇರೋದು. ನಿಮ್ಮ ಸೊಸೆಯಮ್ಮನಿಗೆ ಯಾವ ಕಡೆಯಿಂದಲೂ ಬಾಗಿಲಿಲ್ಲ."

ಹೊರಗೆ ಬಂದಾಗ ಹನ್ನೊಂದಾಗಿರಲಿಲ್ಲ. ಶಿಲುಬೆಯ ಶೋಕದ ದಿನಗಳೆಂದು ಗುರುವಾರದಿಂದ ಊರಿನ ಚರ್ಚ್ ಗಂಟೆಗಳೆಲ್ಲ ಮೂಕವಾಗಿದ್ದವು. ಚರ್ಚುಗಳ ಮುಂದೆ ಮರದ ಗಿಲಕಿಗಳ ಕಟಕಟ ಸದ್ದು ಮಾತ್ರ. ಹವ್ರಾನೆಕ್ ಬೆಳಗಿನಿಂದ ಏನೂ ತಿಂದಿರಲಿಲ್ಲ, ಹಸಿವೂ ಇರಲಿಲ್ಲ.

ಜೇಬಿನಿಂದ ಪೇಪರಿನ ಚಿತ್ರ ತೆಗೆದು ಮತ್ತೆ ನೋಡಿದ. ಸಾಲಾಗಿ ಹಾಕಿದ ಕುರ್ಚಿಗಳ ಮೇಲೆ ಹನ್ನೆರಡು ಮುದುಕರು. ಎಲ್ಲರಿಗೂ ಅರಮನೆ ಕೊಟ್ಟ ಒಂದೇ ಕರೀ ನಿಲುವಂಗಿ, ಒಂದೇ ಬಿಳೀ ಕೊರಳಪಟ್ಟಿ. ಎಲ್ಲರ ಕೆನ್ನೆಯ ಮೇಲೂ ಒಂದೇ ಬಗೆಯ ಬಿಳಿ ಮೀಸೆಗಡ್ಡ, ಗದ್ದ ಮಾತ್ರ ಬೋಳು. ಚಕ್ರವರ್ತಿಗಳದು ಹಾಗೇ ಇದೆಯಲ್ಲ. ಅವರು ಪಟ್ಟಕ್ಕೇರಿ ಅರುವತ್ತು ವರ್ಷ. ಅಷ್ಟು ವರ್ಷಗಳಲ್ಲಿ ಸಾಮ್ರಾಜ್ಯದ ಅಂಚೆಯವನು, ಬಾಗಿಲು ಕಾಯುವವನು, ರೈಲಿನ ಗಾರ್ಡು, ಎಲ್ಲರೂ ಅದೇ ಮುಖ ಹೊತ್ತು ಮುದುಕರಾಗಿದ್ದರು. ಹವ್ರಾನೆಕನ ಕೆನ್ನೆಯ ಮೇಲೂ ಅದೇ ಬೆಳೆ. ಮೂರನೆಯ ಕುರ್ಚಿಯಲ್ಲಿ ಕೂತವನು ಇಗ್ನಾಸನೋ ಅಲ್ಲವೋ ಎಂದು ಅವನ ಹೆತ್ತ ತಾಯಿ ಬಂದರೂ ಹೇಳುವುದು ಕಷ್ಟವಿತ್ತು.

ಆದರೆ ಒಬ್ಬಳು ಹೇಳಬಲ್ಲಳು. ಪ್ರತಿ ಮುದುಕನ ಕುರ್ಚಿಯ ಹಿಂದೆ ಮನೆಯವರೊಬ್ಬರು ನಿಲ್ಲುವುದು ಪದ್ಧತಿ. ಚಿತ್ರದಲ್ಲಿ ಮೂರನೆಯ ಕುರ್ಚಿಯ ಹಿಂದೆ, ಕರೀ ಶಾಲು ಹೊದ್ದು, ಉಸಿರು ಬಿಗಿಹಿಡಿದು ನಿಂತಿದ್ದವಳು ತೆರೇಸಾ.

ಲಾಕಪ್ಪಿನ ಕೋಣೆಯಲ್ಲಿ ಅವಳು ಗೋಡೆಗೊರಗಿ ಕೂತಿದ್ದಳು. ನಲವತ್ತೆಂಟು ವರ್ಷ. ಊರವರ ಬಟ್ಟೆ ಒಗೆದೊಗೆದು ಕೈಗಳು ಬೆಂದಂತೆ ಕೆಂಪಗಿದ್ದವು. ಹವ್ರಾನೆಕ್ ಮಣೆ ಎಳೆದುಕೊಂಡು ಎದುರು ಕೂತ.

"ತೆರೇಸಮ್ಮ, ನಿಮ್ಮ ಮಾವ ಸತ್ತಿದ್ದು ಯಾವತ್ತು?"

"ಎಷ್ಟು ಸಲ ಹೇಳ್ಲಿ ಸಾಹೇಬ್ರೇ? ಗುರುವಾರ ಸಾಯಂಕಾಲ. ಮೀನು ತಿಂದ್ರು, ವೈನ್ ಕುಡಿದ್ರು, ಎದೆ ಹಿಡ್ಕೊಂಡ್ರು."

"ಬುಧವಾರ ಅಲ್ವಾ?"

ಅವಳು ಗೋಡೆಯ ಕಡೆ ಮುಖ ತಿರುಗಿಸಿದಳು.

"ಅವರ ಕಾಲಿನ ಆಣಿ ಪಟ್ಟಿ ನೋಡಿ ಬಂದೆ. ಅರಮನೆಯವರು ಕಾಲು ಉಜ್ಜಿದ್ರೆ ಅದು ಉಳೀತಿತ್ತಾ?"

ತೆರೇಸಾಳ ಕೈಗಳು ಒಂದನ್ನೊಂದು ಹುಡುಕಿ ಹಿಡಿದುಕೊಂಡವು. ಅವಳು ಅಂದದ್ದು ಅವನು ಕಾಯುತ್ತಿದ್ದ ಮಾತಲ್ಲ.

"ಬುಧವಾರ ಸಾಯಂಕಾಲ ಬಿಸಿನೀರು ಕಾಯಿಸಿದ್ದೆ. ನಾನೇ ಒಂದ್ಸಲ ಕಾಲು ತೊಳೆದು ಕಳಿಸೋಣ, ಅರಮನೆಯೋರ ಮುಂದೆ ಮಾನ ಹೋಗಬಾರದು ಅಂತ. ಬೋಗುಣಿ ತಗೊಂಡು ಹೋದೆ. ಮಾವ ಎದ್ದೇಳ್ಲಿಲ್ಲ."

"ಮತ್ತೆ ಯಾಕಮ್ಮ ಬಾಯಿ ಬಿಡ್ಲಿಲ್ಲ? ಕೊಲೆ ಆಪಾದನೆ ನಿನ್ನ ಮೇಲಿರೋದು! ಗಲ್ಲು ಗೊತ್ತಾ, ಗಲ್ಲು?"

"ಮಾಡದ ಕೊಲೆಗೆ ಗಲ್ಲಿಗೆ ಹಾಕ್ತಾರಾ? ದೇವರಿದಾನೆ, ಚಕ್ರವರ್ತಿಗಳಿದಾರೆ. ಎಂಥ ಗಲ್ಲು ಶಿಕ್ಷೆ ಆದ್ರೂ ಕೊನೆಗೆ ಕಾಗದ ಅವರ ಮೇಜಿಗೆ ಹೋಗ್ಬೇಕಂತೆ. ಅವರು ಮಾಫಿ ಬರೀತಾರೆ." ಅವಳು ತಲೆಯೆತ್ತಿದಳು. "ಆದ್ರೆ ನಾನು ಮಾಡಿದ್ದಿದೆಯಲ್ಲ, ಅದಕ್ಕೆ ಮಾಫಿ ಇಲ್ಲ. ಪವಿತ್ರ ಗುರುವಾರ, ಶಿಲುಬೆ ಮುಂದೆ, ಚಕ್ರವರ್ತಿಗಳನ್ನ ಮಂಡಿ ಊರಿಸಿ ಮೋಸ ಮಾಡ್ದೆ. ನನ್ನ ಮಗ ಸೈನ್ಯದಲ್ಲಿ ಕಾರ್ಪೊರಲ್. ರಾಜದ್ರೋಹಿ ಮಗ ಅಂತ ಅವನ ತೋಳಿನ ಪಟ್ಟಿ ಕಿತ್ತು ಹಾಕ್ತಾರೆ."

ಹವ್ರಾನೆಕನಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಬಂದದ್ದು ಸಂಕಟ. ಕೊಲೆಗಿಂತ ಈ ಪಾಪ ದೊಡ್ಡದೆಂದು ತಿಳಿದು ಕತ್ತು ಒಡ್ಡಿ ಕೂತ ಹೆಂಗಸಿಗೆ ಯಾವ ವಕೀಲ ಏನು ಹೇಳಿಯಾನು?

"ಕೇಳಮ್ಮ," ಎಂದ ಮೆಲ್ಲಗೆ. "ಬೇರೆ ಕೊಲೆಯಾಗಿದ್ರೆ ಮಾಫಿ ಬರೀತಿದ್ರೇನೋ. ತಾನು ಮಂಡಿಯೂರಿ ಕಾಲು ತೊಳೆದ ಮುದುಕನನ್ನ ಅದೇ ದಿನ, ತನ್ನದೇ ಅಡುಗೆಮನೆ ಊಟದಲ್ಲಿ ವಿಷ ಹಾಕಿ ಕೊಂದವಳಿಗೆ ಬರೀತಾರಾ? ಅವರಿಗೂ ಸಾಕಾಗಿದೆ. ತಮ್ಮನನ್ನ ಪರದೇಶದಲ್ಲಿ ಗುಂಡಿಟ್ಟು ಕೊಂದ್ರು. ಮಗ ತಾನೇ ಗುಂಡು ಹೊಡ್ಕೊಂಡ. ಹೆಂಡತೀನ ದಾರೀಲಿ ಇರಿದ್ರು. ಆದ್ರೂ ಬೆಳಿಗ್ಗೆ ನಾಲ್ಕಕ್ಕೆ ಎದ್ದು ಕಾಗದಕ್ಕೆ ರುಜು ಹಾಕ್ತಾ ಬಂದಿದಾರೆ. ನಿನ್ನ ಕಾಗದಕ್ಕೂ ಹಾಕ್ತಾರೆ. ಕೈ ನಡುಗಲ್ಲ."

ಅವಳ ತುಟಿ ಬಿಳಚಿಕೊಂಡಿತು. ಮಾಡದ ಕೊಲೆಗೂ ಸಾಯಬಹುದು ಎನ್ನುವುದು ಅವಳಿಗೆ ಆಗ ಮೊದಲ ಸಲ ಹೊಳೆದಂತಿತ್ತು.

"ಯಾರನ್ನ ಕೂರಿಸಿದೆ?"

"ಮಾವನಿಗೆ ಆ ಕುರ್ಚಿ ಅಂದ್ರೆ ಪ್ರಾಣ, ಸಾಹೇಬ್ರೇ. ಏಳು ವರ್ಷದಿಂದ ಅರ್ಜಿ ಹಾಕ್ತಿದ್ರು. ತಮಗಿಂತ ದೊಡ್ಡೋರು ಯಾರಾದ್ರೂ ಸತ್ರೆ ಲೆಕ್ಕ ಹಾಕೋರು, ಇನ್ನೊಂದು ಜಾಗ ಖಾಲಿಯಾಯ್ತು ಅಂತ. ಕೊನೆಗೂ ಕಾಗದ ಬಂತು, ನಿಲುವಂಗಿ ಬಂತು. ಕೈಗೆ ಬಂದ ತುತ್ತು ಬಾಯಿಗೆ ಬರ್ಲಿಲ್ಲ. ಅಳ್ತಾ ಕೂತಿದ್ದೆ. ಆಗ ಅವರು ಅಂದ್ರು, 'ಯಾಕಳ್ತೀಯ ತಾಯಿ, ನಿಲುವಂಗಿ ಇದೆ, ಗಡ್ಡ ಇದೆ, ನಾನಿದೀನಿ. ಬೆಳಿಗ್ಗೆ ಗಾಡಿ ಬಂದಾಗ ಸ್ಟಿಂಡ್ಲ್ ಹೆಸರು ಕೂಗಿದ್ರೆ ಯಾರೂ ಇಲ್ಲ ಅನ್ನಬೇಕಾ? ಒಂದೇ ಒಂದು ದಿನ ಸಾವನ್ನ ತಡೆದಿಡು' ಅಂತ."

"ಅವರು ಅಂದ್ರೆ?"

"ಕ್ರೋಬಾತ್ ತಾತ."

ಹವ್ರಾನೆಕನ ಮುಖಕ್ಕೆ ಯಾರೋ ಹೊಡೆದಂತಾಯಿತು. ಮಾಥಿಯಾಸ್ ಕ್ರೋಬಾತ್. ತೆರೇಸಾಳ ಅಡುಗೆಮನೆಯ ಮೂಲೆಯಲ್ಲಿ ಮಂಚವೊಂದನ್ನು ಬಾಡಿಗೆ ಹಿಡಿದು ಮಲಗುತ್ತಿದ್ದ ಮುದಿ ಚಪ್ಪಲಿ ಹೊಲೆಯುವವನು. ಗುರುವಾರ ಸಂಜೆ ಒಲೆಯ ಪಕ್ಕದಲ್ಲೇ ಕೂತಿದ್ದ. ಹವ್ರಾನೆಕ್ ಅವನ ಕಿವಿಯ ಹತ್ತಿರ ಬಾಯಿಟ್ಟು ಎರಡು ಪ್ರಶ್ನೆ ಕೂಗಿದ್ದ. "ಕೇಳ್ಸಲ್ಲಪ್ಪ" ಎಂದು ಮುದುಕ ತಲೆಯಾಡಿಸಿದ್ದ. ಪಾಪ ಕಿವುಡ ಎಂದು ಹವ್ರಾನೆಕ್ ಅವನ ಬೆನ್ನು ತಟ್ಟಿ ಮುಂದೆ ಹೋಗಿದ್ದ! ಮೂವತ್ತೊಂದು ವರ್ಷದ ಸರ್ವೀಸು, ಎರಡು ಪದಕ.

"ಅವನಿಗೆ ಕಿವಿ ಕೇಳುತ್ತಾ?"

"ಇಲಿ ಓಡಾಡಿದ್ರೂ ಕೇಳುತ್ತೆ."

"ಅರಮನೇಲಿ ಏನಾಯ್ತು? ಒಂದೂ ಬಿಡದೆ ಹೇಳು."

"ಏನಾಗುತ್ತೆ? ಊಟ ತಂದಿಟ್ರು, ಮುಟ್ಟೋದ್ರೊಳಗೆ ತೆಗೆದು ಬುಟ್ಟಿಗೆ ಹಾಕಿದ್ರು. ಆಮೇಲೆ ಎಲ್ರ ಬಲಗಾಲಿನ ಬೂಟು ಬಿಚ್ಚಿದ್ರು. ಚಕ್ರವರ್ತಿಗಳು ಮಂಡಿಯೂರಿ ಒಬ್ಬೊಬ್ಬರ ಮುಂದೇನೂ ಜರುಗ್ತಾ ಬಂದ್ರು. ಎಪ್ಪತ್ತೆಂಟು ವರ್ಷದವರು, ಸಾಹೇಬ್ರೇ, ಎದ್ದು ಮತ್ತೆ ಊರೋ ಮಂಡಿ ಅಲ್ಲ ಅದು, ಹಾಗೇ ಜರುಗಿದ್ರು." ತೆರೇಸಾ ನಿಲ್ಲಿಸಿದಳು.

"ಆಮೇಲೆ?"

"ನಮ್ಮ ಕುರ್ಚಿ ಹತ್ರ ಬಂದು ತಲೆ ತಗ್ಗಿಸಿದ್ರು. ಆಗ ಕ್ರೋಬಾತ್ ತಾತನ ಕೈ ನಿಲುವಂಗಿ ಒಳಗೆ ಹೋಯ್ತು. ಹೋಗಿ ಅಲ್ಲೇ ನಿಂತ್ಬಿಡ್ತು. ನಾನು ಹಿಂದೆ ನಿಂತಿದ್ದೆ, ನನಗೆ ಹಿಡಿ ಕಾಣ್ತು. ಅವರು ಚಕ್ಕಳ ಕೊಯ್ಯೋ ಚೂರಿಯ ಹಿಡಿ. ನಾನು ಕೂಗ್ಬೇಕಿತ್ತು. ಕುರ್ಚಿ ಬೆನ್ನು ಹಿಡ್ಕೊಂಡು ನಿಂತ್ಬಿಟ್ಟೆ, ಸಾಹೇಬ್ರೇ. ಚಕ್ರವರ್ತಿಗಳು ಪಾದ ಒರೆಸಿ ಪಕ್ಕಕ್ಕೆ ಹೋದ್ರು. ತಾತನ ಕೈ ಖಾಲಿ ವಾಪಸ್ ಬಂತು."

ಹವ್ರಾನೆಕ್ ಎದ್ದು, ಹೊರಗೆ ಯಾರೂ ಕೇಳಿಸಿಕೊಳ್ಳುತ್ತಿಲ್ಲವೆಂದು ಬಾಗಿಲ ಬಳಿ ನೋಡಿ ಬಂದ.

"ನಾನು ನಿನ್ನನ್ನ ಇಲ್ಲಿಂದ ಬಿಡಿಸ್ತೀನಿ," ಎಂದ ಹವ್ರಾನೆಕ್. ಇಂಥ ಮಾತನ್ನು ಕೈದಿಗೆ ಕೊಡಬಾರದು ಎಂದು ಅವನೇ ಹೊಸಬರಿಗೆ ಪಾಠ ಹೇಳುತ್ತಿದ್ದ. "ಕ್ರೋಬಾತ್ ಬಂದು, ಬುಧವಾರವೇ ಸತ್ತಿದ್ದ, ಕುರ್ಚೀಲಿ ಕೂತವನು ನಾನು ಅಂತ ಒಂದು ಮಾತು ಹೇಳಿದ್ರೆ ಸಾಕು. ಅವನನ್ನ ಬಿಟ್ರೆ ನಿನಗೆ ಬೇರೆ ಸಾಕ್ಷಿ ಇಲ್ಲ."

ಅವಳು ಅವನ ತೋಳನ್ನು ಹಿಡಿದುಕೊಂಡಳು. ಆ ಒರಟು ಬೆರಳುಗಳನ್ನು ಬಿಡಿಸಿಕೊಂಡು ಬರುವುದು ಅವನಿಗೆ ಕಷ್ಟವಾಯಿತು.

ಕೂಲಿಕಾರರ ಬಡಾವಣೆ ಒಟ್ಟಾಕ್ರಿಂಗಿನಲ್ಲಿದ್ದ ತೆರೇಸಾಳ ವಠಾರ ತಲುಪಿದಾಗ ಒಂದು ಗಂಟೆ. ಕಾನ್‌ಸ್ಟೇಬಲ್ ಬ್ಲಾಹಾ, ಎಮ್ಮೆಯಂಥ ಆಳು, ಏದುಸಿರು ಬಿಡುತ್ತ ಹಿಂದೆ ಬರುತ್ತಿದ್ದ. ಅವನನ್ನು ಮೆಟ್ಟಿಲ ತಿರುವಿನಲ್ಲಿ ನಿಲ್ಲಿಸಿ ಹವ್ರಾನೆಕ್ ಒಬ್ಬನೇ ಮೂರನೆಯ ಮಹಡಿ ಹತ್ತಿದ. ನಲ್ಲಿಯ ಹತ್ತಿರ ಇದ್ದ ಹೆಂಗಸರು ಮಾತು ನಿಲ್ಲಿಸಿದರು. ಒಬ್ಬಳು ಅವನಿಗೆ ಕೇಳಲೆಂದೇ ನೆಲಕ್ಕೆ ಉಗುಳಿದಳು.

ಬಾಗಿಲು ತೆರೆದೇ ಇತ್ತು. ಕ್ರೋಬಾತ್ ಕಿಟಕಿಯ ಬಳಿ ಕೂತು ಬೂಟಿಗೆ ಕರೀ ಬಣ್ಣ ಹಚ್ಚುತ್ತಿದ್ದ.

"ಬನ್ನಿ ಇನ್‌ಸ್ಪೆಕ್ಟ್ರೇ. ಕೂಗೋದು ಬೇಡ, ಮೆಲ್ಲಗೇ ಮಾತಾಡಿ. ಕಾಫಿ ಇದೆ, ಚಿಕರಿ ಜಾಸ್ತಿ."

"ಚೂರಿ ಎಲ್ಲಿ?"

"ಅಲ್ಲಿ, ಮೇಜಿನ ಮೇಲೆ. ಚಪ್ಪಲಿ ಹೊಲೆಯೋನ ಮನೇಲಿ ಚೂರಿ ಇಲ್ದೆ ಜಪಮಾಲೆ ಇರುತ್ತಾ?"

"ಅವತ್ತು ಯಾಕೆ ತೆಗೀಲಿಲ್ಲ?"

ಕ್ರೋಬಾತ್ ಬೂಟನ್ನು ಬೆಳಕಿಗೆ ಹಿಡಿದು ನೋಡಿದ. ಅವನಿಗೆ ಎಂಬತ್ತಮೂರು ವರ್ಷ.

"ಅವನು ಪಟ್ಟಕ್ಕೆ ಬಂದ ಮೊದಲ ವರ್ಷ ನಮ್ಮಣ್ಣನ್ನ ಗೋಡೆಗೆ ನಿಲ್ಲಿಸಿ ಗುಂಡು ಹೊಡೆದ್ರು. ಅಣ್ಣ ಮಾಡಿದ್ದು ಒಂದು ಕರಪತ್ರ ಅಚ್ಚು ಹಾಕಿದ್ದು. ಅಪ್ಪಣೆ ಅವನ ಹೆಸರಲ್ಲಿ ಬಂತು. ಅರುವತ್ತು ವರ್ಷ ಕಾದೆ, ಇನ್‌ಸ್ಪೆಕ್ಟ್ರೇ. ಅವನು ಸಾಯಲ್ಲ, ನಾನೂ ಸಾಯಲ್ಲ. ಅವನಿಗೋಸ್ಕರ ಎರಡು ಯುದ್ಧದಲ್ಲಿ ಬಂದೂಕೂ ಹೊತ್ತೆ. ಕೊನೆಗೆ ಸಿಕ್ಕ. ಹೇಗೆ ಸಿಕ್ಕ? ನನ್ನ ಕಾಲ ಹತ್ರ ಮಂಡಿಯೂರಿ, ಬೋಳು ನೆತ್ತಿ ತೋರಿಸ್ಕೊಂಡು, ಮಂಡಿ ನೋವಿಗೆ ಮೆಲ್ಲಗೆ ಮುಲುಕ್ತಾ. ತಲೆ ಬಗ್ಗಿಸಿದ ಮುದುಕನನ್ನ ಹೊಡೆಯೋಕೆ ನನ್ನಿಂದಾಗಲಿಲ್ಲ. ಅಣ್ಣ ನಿಂತೇ ಸತ್ತ. ಇವನೂ ನಿಂತಿರಬೇಕು."

"ಇನ್ನು ಅಂಥ ಅವಕಾಶ ನಿನಗೆ ಸಿಗಲ್ಲ."

"ಸಿಕ್ಕಿದೆ." ಮುದುಕ ಎದೆಯ ಜೇಬಿನಿಂದ ದಪ್ಪ ಚೀಟಿಯೊಂದನ್ನು ತೆಗೆದು ಮೇಜಿನ ಮೇಲಿಟ್ಟ. "ಪಾದಪೂಜೆ ಮಾಡಿಸ್ಕೊಂಡ ಇಗ್ನಾಸ್ ಸ್ಟಿಂಡ್ಲ್ ನಾನು, ಕೃತಜ್ಞತೆ ಹೇಳೋಕೆ ಬರಬೇಕು ಅಂದೆ. ಅವತ್ತೇ ಅರಮನೆ ಕಚೇರಿಯೋರು ಹೆಸರು ಬರ್ಕೊಂಡು ಈ ಚೀಟಿ ಕೊಟ್ರು. ಬರೋ ಗುರುವಾರ ಬೆಳಿಗ್ಗೆ ಹತ್ತಕ್ಕೆ ದರ್ಶನ. ಬಡವ ಬಲ್ಲಿದ ಅನ್ನದೆ ಒಬ್ಬೊಬ್ಬರನ್ನೇ ಒಳಗೆ ಕರೀತಾನೆ. ಬಾಗಿಲು ಮುಚ್ಚಿರುತ್ತೆ. ಅವನು ಮೇಜಿನ ಪಕ್ಕ ನಿಂತಿರ್ತಾನೆ."

"ಇಗ್ನಾಸ್ ಸತ್ತಿದ್ದು ಊರಿಗೇ ಗೊತ್ತು."

"ಊರಿಗೆ ಗೊತ್ತು. ಅರಮನೆ ಕಚೇರಿಯೋರು ಪೇಪರ್ ಓದಲ್ಲ, ಪಟ್ಟಿ ಓದ್ತಾರೆ. ಪಟ್ಟೀಲಿ ಹೆಸರಿದೆ."

ಅದು ನಿಜವೆಂದು ಹವ್ರಾನೆಕನಿಗೆ ಗೊತ್ತಿತ್ತು. ಈ ರಾಜ್ಯದಲ್ಲಿ ಪಟ್ಟಿಯಲ್ಲಿರುವವನು ಬದುಕಿರುತ್ತಾನೆ. ಅವನು ಕೋಟಿನ ಜೇಬಿಗೆ ಕೈ ಹಾಕಿ ಕೋಳವನ್ನು ಹಿಡಿದ.

"ತಡೀರಿ," ಎಂದ ಕ್ರೋಬಾತ್. "ತೆರೇಸಾಳನ್ನ ಬಿಡಿಸ್ತೀನಿ ಅಂತ ಮಾತು ಕೊಟ್ಟು ಬಂದಿರ್ತೀರಿ. ಮುಖದಲ್ಲಿ ಕಾಣುತ್ತೆ. ನಡೆದಿದ್ದನ್ನೆಲ್ಲ ಬರೆದು, ರುಜು ಹಾಕಿ, ಒಬ್ಬರ ಹತ್ರ ಕೊಟ್ಟಿದೀನಿ. ಗುರುವಾರ ಮಧ್ಯಾಹ್ನ ಅದು ನ್ಯಾಯಾಧೀಶರ ಕೈ ಸೇರುತ್ತೆ. ಅವಳು ಬದುಕ್ತಾಳೆ. ಅಷ್ಟರೊಳಗೆ ನನ್ನ ಮೈ ಮುಟ್ಟಿದ್ರೆ ಅದು ಒಲೆಗೆ ಹೋಗುತ್ತೆ. ಕೋರ್ಟಿನಲ್ಲಿ ನಾನು ಏನು ಹೇಳ್ತೀನಿ ಗೊತ್ತಾ? ಬಡ ಕಿವುಡ ನಾನು, ಒಲೆ ಪಕ್ಕ ಕೂತಿದ್ದೆ, ಆ ಹೆಂಗಸು ಮೀನಿನ ಮೇಲೆ ಬಿಳೀ ಪುಡಿ ಹಾಕಿದ್ದನ್ನ ನೋಡ್ದೆ ಅಂತೀನಿ."

"ನಿನಗೆ ಅನ್ನ ಹಾಕಿದವಳು ಕಣಯ್ಯ ಅವಳು!"

"ಗೊತ್ತು. ಅದಕ್ಕೇ ಅವಳನ್ನ ಉಳಿಸೋ ದಾರೀನೂ ಇಟ್ಟಿದೀನಿ." ಮುದುಕನ ದನಿ ಮೊದಲ ಸಲ ಒಡೆಯಿತು. "ನನಗೇನು ಸಂತೋಷ ಅಂದ್ಕೊಂಡ್ರಾ? ನಾನು ಕೆಟ್ಟವನೇ. ಆಯ್ಕೆ ನಿಮ್ದು."

ಅವನು ಬೂಟನ್ನು ಕೆಳಗಿಟ್ಟು ಎರಡೂ ಮಣಿಕಟ್ಟುಗಳನ್ನು ಮುಂದೆ ಚಾಚಿದ. ಕರೀ ಬಣ್ಣ ಮೆತ್ತಿದ ಬೆರಳುಗಳು.

ಹವ್ರಾನೆಕನ ಜೇಬಿನಲ್ಲಿ ಕೋಳ ಬೆಚ್ಚಗಾಗಿತ್ತು. ಮೂವತ್ತೊಂದು ವರ್ಷದ ಹಿಂದೆ ಬಲಗೈಯೆತ್ತಿ ಯಾರ ಪ್ರಾಣ ಕಾಯುತ್ತೇನೆಂದು ಆಣೆಯಿಟ್ಟಿದ್ದನೋ, ಆ ಮುದುಕನ ಮುಖ ಗೋಡೆಯ ಮೇಲಿನ ಪಟದಲ್ಲಿತ್ತು. ಗುರುವಾರಕ್ಕೆ ಐದು ದಿನ. ಐದು ದಿನದಲ್ಲಿ ಆ ಕಾಗದ ಸಿಗಬಹುದು, ಸಿಗದೆಯೂ ಹೋಗಬಹುದು. ತೆರೇಸಾಳ ಬೆರಳುಗಳು ಒತ್ತಿದ ಜಾಗ ತೋಳಿನಲ್ಲಿ ಇನ್ನೂ ನೋಯುತ್ತಿತ್ತು.

ಮೆಟ್ಟಿಲ ಮೇಲೆ ಭಾರವಾದ ಬೂಟುಗಳ ಸದ್ದಾಯಿತು.

"ಸಾಹೇಬ್ರೇ?" ಬ್ಲಾಹಾನ ದನಿ. "ಆಳು ಸಿಕ್ಕಿದ್ನಾ? ಮೇಲೆ ಬರ್ಲಾ?"

ಕ್ರೋಬಾತ್ ಚಾಚಿದ ಕೈಗಳನ್ನು ಹಿಂದಕ್ಕೆಳೆಯಲಿಲ್ಲ. ಹವ್ರಾನೆಕ್ ಅವನ ಕಣ್ಣಲ್ಲಿ ಕಣ್ಣಿಟ್ಟೇ ಎರಡು ಹೆಜ್ಜೆ ಹಿಂದೆ ಸರಿದು, ಬಾಗಿಲನ್ನು ಅರ್ಧಕ್ಕೆ ಎಳೆದು ಹಿಡಿದ.

"ಇಲ್ಲಿ ಯಾರೂ ಇಲ್ಲಪ್ಪ," ಎಂದು ಕೂಗಿ ಹೇಳಿದ. "ನೀನು ಸ್ಟೇಷನ್ನಿಗೆ ಹೋಗು."